ಹೊಳಪಿಗೂ ಕಲಾಯಿ ಬೇಕು

ನಮ್ಮ ವಾಚನಾಲಯದಲ್ಲಿ ಸಹಿ ಮಾಡುವ ರಿಜಿಸ್ಟರ್ ಪಕ್ಕ ಪೆನ್ನು, ಪೆನ್ಸಿಲ್ ಹಾಕಿಡುವ ಒಂದು ಮರದ ಬಟ್ಟಲಿದೆ. ಎಲ್ಲರೂ ನೋಡಿದ್ದೀರಿ. ನಾಲ್ಕು ವರ್ಷದ ಹಿಂದೆ ಜಾತ್ರೆಗೆ ಊರಿಗೆ ಬಂದಾಗ ಗೋವಾದಿಂದ ತಂದು ನಾನೇ ಕೊಟ್ಟದ್ದು. ಅವತ್ತು ಅದರ ಒಳಮೈ ಬಂಗಾರದಂತೆ ಹೊಳೆಯುತ್ತಿತ್ತು. "ಬಂಗಾರದ ಬಟ್ಟಲಾ ಏನ್ರೀ ಇದು!" ಅಂತ ಹುಡುಗರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಈಗ ಹೋಗಿ ನೋಡಿರಿ. ಅಂಚು ಕರ್ರಗಾಗಿದೆ. ತಳದಲ್ಲಿ ಹಸಿರು ಕಲೆ ಎದ್ದಿದೆ. ಬೆರಳು ಹೆಚ್ಚು ತಾಗುವ ಕಡೆ ಬಣ್ಣ ಸವೆದು ಮರ ಇಣುಕುತ್ತಿದೆ. ವಾಚನಾಲಯದವರು ದೊಡ್ಡ ಮನಸ್ಸಿನವರು, ಏನೂ ಅನ್ನಲಿಲ್ಲ. ಅನ್ನಬೇಕಾದವನು ನಾನು. ಆ ಬಟ್ಟಲು ಮಾಡಿದವನೂ ನಾನೇ, ಅದನ್ನು ಅರ್ಧಕ್ಕೇ ಬಿಟ್ಟವನೂ ನಾನೇ.

ಫೋಂಡಾದ ಹತ್ತಿರ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಮೇಲೆ ಮರ ತಿರುಗಿಸುತ್ತಿದ್ದೇನೆ. ಮಾವು, ಹಲಸು, ಅಕೇಶಿಯಾ, ಯಾವುದು ಸಿಕ್ಕರೆ ಅದು. ಬಟ್ಟಲು, ತಟ್ಟೆ, ಹೂದಾನಿ. ಮಾಲು ಕಲಂಗುಟ್, ಅಂಜುನಾ, ಪಣಜಿಯ ಅಂಗಡಿಗಳಿಗೆ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬರಿ ಮರದ ಬಟ್ಟಲಿಗೆ ಕೇಳುವವರು ಕಡಿಮೆ. ಒಳಗೆ ಬಂಗಾರದ ಬಣ್ಣ, ತಾಮ್ರದ ಬಣ್ಣ, ಬೆಳ್ಳಿ ಬಣ್ಣ ಬೇಕು. ನಮ್ಮೂರಿನ ಹುಡುಗರೂ ನಾಲ್ಕಾರು ಮಂದಿ ಇದೇ ಕೆಲಸಕ್ಕೆ ಬಂದಿದ್ದಾರೆ, ಇನ್ನೂ ಬರುವವರಿದ್ದಾರೆ. ಅದಕ್ಕೇ ಈ ಮಾತು ಊರಿನಲ್ಲೇ ಹೇಳಬೇಕು ಅನ್ನಿಸಿತು.

ನನ್ನ ಮಾತು ಇಷ್ಟೇ. ಲೋಹದ ಬಣ್ಣದ ಮೇಲೆ ಹಾಕುವ ಕೊನೆಯ ಹೊದಿಕೆ ಕೆಲಸದ ಒಂದು ಭಾಗ. ಅದು ಗಿರಾಕಿಗೆ ಮಾಡುವ ಉಪಕಾರವಲ್ಲ, ಮೇಲೊಗ್ಗರಣೆಯೂ ಅಲ್ಲ. ಅದನ್ನು ಬಿಟ್ಟ ಕೆಲಸಗಾರ ಅರ್ಧ ಕೆಲಸಕ್ಕೆ ಪೂರ್ತಿ ಹಣ ತೆಗೆದುಕೊಂಡಂತೆ. ಅದಕ್ಕೆ ಕೂಲಿ ಕೊಡದ ಮಾಲೀಕ ಪೂರ್ತಿ ಕೆಲಸಕ್ಕೆ ಅರ್ಧ ಹಣ ಕೊಟ್ಟಂತೆ. ಇಬ್ಬರೂ ಮೋಸಗಾರರೇ. ಆದರೆ ಬೈಸಿಕೊಳ್ಳುವವರು ಮಾತ್ರ ಬೇರೆ ಯಾರೋ.

ಮೊದಲು ಆ ಬಂಗಾರ ಯಾವುದು ಅಂತ ತಿಳಿದುಕೊಳ್ಳೋಣ. ಡಬ್ಬಿಯ ಮೇಲೆ 'ಗೋಲ್ಡ್' ಅಂತ ಬರೆದಿರುತ್ತದೆ. ಒಳಗೆ ಬಂಗಾರದ ಒಂದು ಕಣವೂ ಇರುವುದಿಲ್ಲ. ತಾಮ್ರ, ಸತುವು ಸೇರಿಸಿ ತೆಳ್ಳಗೆ ಬಡಿದು ಅರೆದ ಪುಡಿ ಅದು. ಅಂದರೆ ಹಿತ್ತಾಳೆ. ಹಾಳೆಯಾಗಿ ಬರುವ ಅಗ್ಗದ 'ಬಂಗಾರದ ರೇಕು' ಕೂಡ ಹಿತ್ತಾಳೆಯದೇ. 'ಬೆಳ್ಳಿ' ಅಂದರೆ ಹೆಚ್ಚಾಗಿ ಅಲ್ಯೂಮಿನಿಯಂ. ತಾಮ್ರದ ಬಣ್ಣ ಮಾತ್ರ ನಿಜವಾಗಿ ತಾಮ್ರ.

ಹಿತ್ತಾಳೆ ಅಂದ ಮೇಲೆ ನಮ್ಮ ಮನೆಯ ಹೆಂಗಸರಿಗೆ ನಾನು ಪಾಠ ಹೇಳುವ ಅಗತ್ಯವಿಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಹಾಕಬಾರದು, ಮಜ್ಜಿಗೆ ಇಡಬಾರದು. ಇದು ನಮ್ಮಜ್ಜಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿಯವನು ಊರಿಗೆ ಬಂದು ತಿದಿ ಊದಿ, ನವಸಾಗರ ಉಜ್ಜಿ, ತವರ ಬಳಿದು ಹೋಗುತ್ತಿದ್ದ. ಅಷ್ಟು ದಪ್ಪನೆಯ ಹಂಡೆಗೇ ಕಾವಲು ಬೇಕಾಯಿತು. ಇನ್ನು ಅದೇ ಹಿತ್ತಾಳೆಯನ್ನು ಹಿಟ್ಟಿಗಿಂತ ನುಣ್ಣಗೆ ಅರೆದು ಮರಕ್ಕೆ ಬಳಿದರೆ ಏನಾಗಬೇಕು? ಗಟ್ಟಿ ಪಾತ್ರೆಯಲ್ಲಿ ಗಾಳಿಗೆ ಸಿಕ್ಕುವುದು ಮೇಲ್ಮೈ ಮಾತ್ರ. ಪುಡಿಯಲ್ಲಿ ಪ್ರತಿ ಕಣದ ಸುತ್ತಲೂ ಗಾಳಿ, ತೇವ, ಕೈಬೆವರು ತಾಗುತ್ತದೆ. ಕಪ್ಪಾಗದೆ ಇನ್ನೇನು?

ಇಷ್ಟು ಗೊತ್ತಿದ್ದೂ ಶೆಡ್ಡುಗಳಲ್ಲಿ ಹೊದಿಕೆ ಬಿಡುತ್ತಾರೆ. ಕೇಳಿದರೆ ನೆಪಗಳು ಸಾಲಾಗಿ ಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲ ನೆಪ: "ಗೋವಾದ ಗಾಳಿ ಉಪ್ಪು, ಏನ್ ಮಾಡ್ಲಿಕ್ಕಾಗ್ತದ್ರೀ?" ಗಾಳಿ ಉಪ್ಪಿನದು ನಿಜ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡು ಅದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಆದರೆ ನಮ್ಮೂರಿಗೆ ಸಮುದ್ರ ಎಲ್ಲಿದೆ? ವಾಚನಾಲಯದ ಬಟ್ಟಲು ಇಲ್ಲೇ ಕುಳಿತು ಕಪ್ಪಾಯಿತಲ್ಲ! ಉಪ್ಪು ಗಾಳಿ ಕೆಲಸವನ್ನು ಬೇಗ ಮುಗಿಸುತ್ತದೆ, ಅಷ್ಟೇ. ತಪ್ಪು ಗಾಳಿಯದಲ್ಲ. ಮಳೆ ಬರುತ್ತದೆ ಅಂತ ಗೊತ್ತಿದ್ದೂ ಮನೆಗೆ ಹಂಚು ಹೊದಿಸದವನು ಮೋಡವನ್ನು ಬೈದಂತೆ ಈ ಮಾತು.

ಹಳೆ ಗೋವಾದ ಬಾಂ ಜೀಸಸ್ ಚರ್ಚಿಗೆ ಒಮ್ಮೆ ಹೋಗಿ ಬನ್ನಿ. 1605ರಲ್ಲಿ ಪ್ರತಿಷ್ಠೆಯಾದ ಚರ್ಚು ಅದು. ಒಳಗೆ ಪೂಜಾಪೀಠದ ಹಿಂದೆ ಗೋಡೆಯೆತ್ತರದ ಮರದ ಕೆತ್ತನೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತದೆ. ಅದೇ ಮರ, ಅದೇ ಮಳೆ, ಅದೇ ಉಪ್ಪು. ಅಲ್ಲಿರುವುದು ನಿಜವಾದ ಬಂಗಾರದ ರೇಕು. ಬಂಗಾರಕ್ಕೆ ಗಾಳಿ, ನೀರು, ಉಪ್ಪು ಏನೂ ಮಾಡುವುದಿಲ್ಲ. ಆದರೂ ಹಾಗೆ ರೇಕು ಹಚ್ಚುವ ಕಸುಬಿನವರು ಮರಕ್ಕೆ ನೇರವಾಗಿ ಅಂಟಿಸುವುದಿಲ್ಲ. ಮೊದಲು ಅಂಟು, ಅದರ ಮೇಲೆ ಬಿಳಿ ಪುಡಿಯ ಗಚ್ಚು ಪದರ ಪದರವಾಗಿ, ಅದರ ಮೇಲೆ ಕೆಂಪು ಮಣ್ಣು, ಆಮೇಲೆ ರೇಕು, ಕೊನೆಗೆ ನುಣುಪು ಕಲ್ಲಿನಿಂದ ಉಜ್ಜುವುದು. ಕೆಡದ ಬಂಗಾರಕ್ಕೇ ಇಷ್ಟು ಆರೈಕೆ. ಕೆಡುವ ಹಿತ್ತಾಳೆಗೆ ನಾವು ಒಂದು ಕೋಟು ಹಾಕಲು ಅಳುತ್ತೇವೆ.

ಎರಡನೆಯ ನೆಪ: "ಕಪ್ಪಾದರೆ ಹಳೇ ಕಾಲದ ಹಾಗೆ ಚಂದ ಕಾಣ್ತದ, ಗಿರಾಕಿಗೆ ಅದೇ ಬೇಕು." ಹಳತಾಗುವುದು ಬೇರೆ, ಹಾಳಾಗುವುದು ಬೇರೆ. ಅಜ್ಜನ ಕಾಲದ ಬೀಟೆ ಪೆಟ್ಟಿಗೆ ಕೈ ಉಜ್ಜಿ ಉಜ್ಜಿ ಮಿರುಗುತ್ತದೆ, ಅದು ಹಳತು. ಮೂರು ತಿಂಗಳಲ್ಲಿ ಹಸಿರು ಬೂದಿ ಉದುರಿಸುವ ಬಟ್ಟಲು ಹಾಳು. ಹಳೇ ನೋಟ ಬೇಕೆನ್ನುವ ಗಿರಾಕಿಗೆ ಅದನ್ನೂ ಮಾಡಿಕೊಡಬಹುದು. ಬೇಕಾದಷ್ಟು ಕಪ್ಪು ಬರಿಸಿ, ಅಲ್ಲಿಗೆ ನಿಲ್ಲಿಸಿ, ಮೇಲೆ ಹೊದಿಕೆ ಹಾಕಬೇಕು. ನಿಲ್ಲಿಸಲು ಬಾರದವನು ಚಂದದ ಮಾತಾಡಬಾರದು.

ಮೂರನೆಯ ನೆಪ: "ಮೇಲೆ ಏನಾದರೂ ಹಚ್ಚಿದರೆ ಹೊಳಪೇ ಸಾಯ್ತದ." ಇದರಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೇ ಇದು ಎಲ್ಲಕ್ಕಿಂತ ಅಪಾಯದ ನೆಪ. ಲೋಹದ ಪುಡಿಯ ಕಣಗಳು ಮೀನಿನ ಹುರುಪೆಯಂತೆ ಚಪ್ಪಟೆ. ಬಣ್ಣ ಒಣಗುವಾಗ ಅವು ಮೇಲೆ ತೇಲಿ ಒಂದರ ಪಕ್ಕ ಒಂದು ಮಲಗುತ್ತವೆ, ಆಗ ಕನ್ನಡಿಯ ಹಾಗೆ ಹೊಳೆಯುತ್ತವೆ. ಅದರ ಮೇಲೆ ಅದೇ ಥಿನ್ನರ್ ಇರುವ ಲ್ಯಾಕರನ್ನು ಬ್ರಷ್ಷಿನಲ್ಲಿ ದಪ್ಪಗೆ ಎಳೆದರೆ ಕೆಳಗಿನ ಬಣ್ಣ ಮತ್ತೆ ಕರಗುತ್ತದೆ, ಕಣಗಳು ಎದ್ದು ಅಡ್ಡಾದಿಡ್ಡಿಯಾಗುತ್ತವೆ, ಬಂಗಾರ ಹೋಗಿ ಕೆಸರಿನ ಬಣ್ಣ ಉಳಿಯುತ್ತದೆ. ಒಮ್ಮೆ ಹೀಗಾದವರು ಹೊದಿಕೆಗೇ ಕೈಮುಗಿದುಬಿಡುತ್ತಾರೆ. ಆದರೆ ತಪ್ಪಿರುವುದು ಹಚ್ಚಿದ ರೀತಿಯಲ್ಲಿ. ಕೆಳಗಿನದನ್ನು ಕರಗಿಸದ ಹೊದಿಕೆ ಆರಿಸಬೇಕು. ಲೋಹದ ಬಣ್ಣ ಪೂರ್ತಿ ಒಣಗಬೇಕು. ಮೊದಲ ಕೋಟು ಮಂಜು ಬಿದ್ದಷ್ಟೇ ತೆಳ್ಳಗೆ ಸ್ಪ್ರೇ ಆಗಬೇಕು, ಅದು ಆರಿದ ಮೇಲೆ ಎರಡನೆಯದು, ಮೂರನೆಯದು. ಯಾವ ಬಣ್ಣದ ಮೇಲೆ ಯಾವುದು ಕೂರುತ್ತದೆ ಅಂತ ಮೊದಲು ಅದೇ ಮರದ ತುಂಡಿನ ಮೇಲೆ ನೋಡಿಕೊಳ್ಳಬೇಕು. ಹೊಳಪು ಒಂದು ಗುಂಜಿ ಕಡಿಮೆಯಾದೀತು. ವರ್ಷಗಟ್ಟಲೆ ಉಳಿಯುವ ಹೊಳಪಿಗೆ ಅಷ್ಟು ಸುಂಕ ಕೊಡಬಹುದು.

ನಾಲ್ಕನೆಯದು ನೆಪವಲ್ಲ, ಹೊಸ ಭಕ್ತಿ: "ರಾಸಾಯನಿಕ ಬೇಡ, ಎಣ್ಣೆ ಒರೆಸಿದರೆ ಸಾಕು, ಮೇಣ ತಿಕ್ಕಿದರೆ ಸಾಕು." ಬರಿ ಮರಕ್ಕೆ ಎಣ್ಣೆ ಚಂದ, ನಾನೂ ಹಚ್ಚುತ್ತೇನೆ. ಹಿತ್ತಾಳೆ ಪುಡಿಯ ಮೇಲೆ ಅದು ನಡೆಯದು. ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಎಣ್ಣೆಯೊಳಗಿನ ಹುಳಿ ತಾಮ್ರದ ಜೊತೆ ಸೇರಿ ಹಸಿರು ಬಿಡುತ್ತದೆ. ಮೇಣ ಮೃದು, ಕೈ ಬಿಸಿಗೇ ಸವೆಯುತ್ತದೆ. ಇನ್ನು 'ನೀರಿನದು, ನಿರಪಾಯ' ಅಂತ ಮಾರುವ ಕೆಲವು ಹೊದಿಕೆಗಳಲ್ಲಿ ಅಮೋನಿಯಾದಂಥ ಕ್ಷಾರ ಇರುತ್ತದೆ. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಕಾವಲಿಗೆ ಕರೆದವನೇ ಕನ್ನ ಹಾಕಿದಂತೆ.

ಹಾಗಾದರೆ ಮಾಡುವುದು ಹೇಗೆ? ಹೊಸತೇನೂ ಬೇಡ. ನಮ್ಮ ಕಸುಬುಗಳಲ್ಲೇ ಉತ್ತರವಿದೆ.

ಚನ್ನಪಟ್ಟಣದವರು ಹಾಲೆ ಮರವನ್ನು ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ಕೇದಗೆ ಎಲೆ ಹಿಡಿದರೆ ಗಾಜಿನಂತೆ ನುಣುಪು. ಅಲ್ಲಿ ಬಣ್ಣವೇ ಹೊದಿಕೆ, ಹೊದಿಕೆಯೇ ಬಣ್ಣ. ಕೊನೆಯ ಕೋಟು ಬಿಟ್ಟೆ ಅನ್ನುವ ಮಾತೇ ಬರುವುದಿಲ್ಲ. ಗೋವಾದಲ್ಲೇ ಕುಂಕಳ್ಳಿಯ ಚಿತಾರಿಗಳು ಮರಕ್ಕೆ ಅರಗಿನ ಬಣ್ಣ ಕೊಡುವವರು, ಅವರದ್ದೂ ಇದೇ ದಾರಿ. ಕೊಪ್ಪಳದ ಕಿನ್ನಾಳದವರದು ಇನ್ನೊಂದು ಜಾಣತನ. ಅವರು ಬಂಗಾರದ ಹೊಳಪಿಗೆ ಹಿತ್ತಾಳೆಯ ಹಿಂದೆ ಬೀಳಲಿಲ್ಲ. ತವರವನ್ನು ಅಂಟಿನ ಜೊತೆ ನುಣ್ಣಗೆ ಮಾಡಿ ಬಳಿದು, ಉಜ್ಜಿ ಮಿರುಗಿಸಿ, ಮೇಲೆ ಹಳದಿ ಛಾಯೆಯ ವಾರ್ನಿಶ್ ಕೊಟ್ಟರು. ಕೆಳಗೆ ಬೆಳ್ಳಿ ಹೊಳಪು, ಮೇಲೆ ಹಳದಿ ಪರದೆ, ನೋಡುವವರಿಗೆ ಬಂಗಾರ. ಕಾಯುವ ಹೊದಿಕೆಯೇ ಬಂಗಾರದ ಬಣ್ಣ ಕೊಡುತ್ತದೆ!

ಈ ಉಪಾಯವನ್ನು ನಾನು ಬಟ್ಟಲಿಗೆ ಹಚ್ಚಿ ನೋಡಿದ್ದೇನೆ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಮೇಲೆ ಯಾವ ದೇವರ ಬಣ್ಣವೂ ನಿಲ್ಲದು. ನುಣ್ಣಗೆ ತಿಕ್ಕಿದ ಮೇಲೆ ಮರಕ್ಕೇ ಮೊದಲು ಎರಡು ಕೋಟು ಚಪಡಾ. ಒಳಗೆ, ಹೊರಗೆ, ಮರೆಯದೆ ಅಡಿಗೂ. ಬಟ್ಟಲಿನ ಎರಡು ಬದಿಗೆ ಮರದ ನಾರಿನ ತುದಿ ತೆರೆದಿರುತ್ತದೆ, ಕೊಳವೆಯಂತೆ ತೇವ ಕುಡಿಯುತ್ತದೆ. ಅಡಿ ಯಾರಿಗೂ ಕಾಣುವುದಿಲ್ಲ ಅಂತ ಬಿಡುತ್ತೇವೆ, ತೇವ ಅಲ್ಲಿಂದಲೇ ಹೊಕ್ಕು ಒಳಗಿನ ಬಣ್ಣವನ್ನು ಎಬ್ಬಿಸುತ್ತದೆ. ಆಮೇಲೆ ಅಲ್ಯೂಮಿನಿಯಂ ಬಣ್ಣ. ಅದು ಒಣಗಿದ ಮೇಲೆ ಕಿತ್ತಳೆ ಬಣ್ಣದ ಚಪಡಾವನ್ನು ಸ್ಪಿರಿಟ್‌ನಲ್ಲಿ ನೀರಾಗಿ ಕರಗಿಸಿ, ತೆಳ್ಳಗೆ ನಾಲ್ಕೈದು ಕೋಟು. ಬಂಗಾರ ಬರುತ್ತದೆ. ಹಿತ್ತಾಳೆಯೇ ಇಲ್ಲದ ಮೇಲೆ ಹಸಿರಾಗಲು ಏನಿದೆ?

ಚಪಡಾಕ್ಕೂ ದೋಷವಿದೆ, ಮುಚ್ಚಿಡುವುದಿಲ್ಲ. ಬಿಸಿಗೆ ಮೆತ್ತಗಾಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಹೆಚ್ಚು ಬಳಕೆಯ ಮಾಲಾದರೆ ಅದರ ಮೇಲೆ ಗಟ್ಟಿ ಲ್ಯಾಕರ್ ಅಥವಾ ಪಿ.ಯು. ಬೇಕು. ಆಗ ಮೇಣ ತೆಗೆದ ಚಪಡಾವನ್ನೇ ಬಳಸಬೇಕು. ಕರಗಿಸಿ ಕೆಲವು ದಿನ ಅಲುಗಾಡಿಸದೆ ಇಟ್ಟರೆ ಮೇಣ ಕೆಳಗೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು. ಮೇಣ ಇದ್ದರೆ ಪಿ.ಯು. ಹಿಡಿಯದೆ ಸಿಪ್ಪೆ ಏಳುತ್ತದೆ. ಮಳೆ ಸುರಿಯುವಾಗ ಸ್ಪ್ರೇ ಮಾಡಬಾರದು, ಗಾಳಿಯ ತೇವ ಹೊದಿಕೆಯೊಳಗೆ ಸಿಕ್ಕಿ ಬಿಳಿ ಮಂಜು ಕವಿಯುತ್ತದೆ. ನಮ್ಮ ಶೆಡ್ಡಿನಲ್ಲಿ ಈಗ ಒಂದು ಹಳೆ ಕಪಾಟಿನಲ್ಲಿ ಬಲ್ಬು ಉರಿಸಿ ಬಟ್ಟಲುಗಳನ್ನು ಬೆಚ್ಚಗಿಡುತ್ತೇವೆ, ಬಿಡುವು ನೋಡಿ ಹೊಡೆಯುತ್ತೇವೆ. ಸ್ಪಿರಿಟ್, ಥಿನ್ನರ್ ಇರುವ ಕಡೆ ಬೀಡಿ ಹೊತ್ತಿಸಬಾರದು, ಒಣಗಿಸುವ ಕಪಾಟಿನಲ್ಲಿ ಹಸಿ ಬಣ್ಣದ ಮಾಲು ಇಡಬಾರದು.

ಪಿ.ಯು. ವಿಷಯ ಬಂತು, ಹುಡುಗರಿಗೆ ಒಂದು ಮಾತು. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿ.ಯು.ನ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ಪದಾರ್ಥವಿದೆ. ಅದು ಉಸಿರಿಗೆ ಹೋದರೆ ದಮ್ಮು ಹತ್ತುತ್ತದೆ, ಒಮ್ಮೆ ಹತ್ತಿದರೆ ಆಮೇಲೆ ಸ್ವಲ್ಪ ವಾಸನೆಗೂ ಎದೆ ಕಟ್ಟಬಹುದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಸರಿಯಾದ ಮಾಸ್ಕು, ಗಾಳಿ ಎಳೆಯುವ ಫ್ಯಾನು ಕೊಡದ ಶೆಡ್ಡಿನಲ್ಲಿ ಆ ಕೆಲಸ ಒಲ್ಲೆ ಅನ್ನಿರಿ. ಬಟ್ಟಲಿನ ಮೈ ಕಾಯಲು ಹೋಗಿ ನಿಮ್ಮ ಪುಪ್ಪುಸ ಕಳೆದುಕೊಳ್ಳಬೇಡಿರಿ.

ಈಗ ಕೊನೆಯ ನೆಪ, ನಿಜವಾದ ನೆಪ: "ಗಿರಾಕಿ ಅಷ್ಟು ಕೊಡೂದಿಲ್ಲ." ಇಲ್ಲಿ ನನ್ನದೇ ಕಥೆ ಹೇಳಬೇಕು. ಒಂದು ವರ್ಷ ಜೂನ್ ಮೊದಲ ವಾರ ಒಬ್ಬ ಸಗಟು ವ್ಯಾಪಾರಿ ಅರವತ್ತು ಬಂಗಾರದ ಬಟ್ಟಲಿಗೆ ಆರ್ಡರ್ ಕೊಟ್ಟ. ಹೊದಿಕೆಗೆ, ಒಣಗಲಿಕ್ಕೆ ಐದು ದಿನ ಹೆಚ್ಚು ಬೇಕು, ಇಷ್ಟು ಹೆಚ್ಚು ಕೂಲಿ ಬೇಕು ಅಂದೆ. "ಅದೆಲ್ಲಾ ಬ್ಯಾಡ, ಇವತ್ತು ಹೊಳೆದ್ರ ಸಾಕು" ಅಂದ. ನಾನೂ ಹೂಂ ಅಂದೆ. ಮನೆಯಲ್ಲಿ ಮಗಳ ಫೀ ಕಟ್ಟುವುದಿತ್ತು. ಚೌತಿ ಹೊತ್ತಿಗೆ ಅರ್ಧ ಮಾಲು ಕಪ್ಪಾಗಿ ವಾಪಸು ಬಂತು. ವ್ಯಾಪಾರಿ ಒಂದು ರೂಪಾಯಿ ಕಳೆದುಕೊಳ್ಳಲಿಲ್ಲ, ನನ್ನ ಮುಂದಿನ ಬಿಲ್ಲಿನಲ್ಲಿ ಮುರಿದುಕೊಂಡ. ಉಳಿದರ್ಧ ಎಲ್ಲಿಗೆ ಹೋಯಿತು ಗೊತ್ತೇ? ದಡದ ಮೇಲೆ ತಲೆಯ ಬುಟ್ಟಿಯಲ್ಲಿ ಸಾಮಾನು ಹೊತ್ತು ಮಾರುವ ನಮ್ಮ ಕಡೆಯ ಲಮಾಣಿ ಹೆಣ್ಣುಮಕ್ಕಳ ಕೈಗೆ, ಕಡಿಮೆ ದರಕ್ಕೆ. ಅವರಲ್ಲಿ ಒಬ್ಬಾಕೆ ಅಂಜುನಾದ ಬುಧವಾರದ ಸಂತೆಯಲ್ಲಿ ನನ್ನನ್ನು ಗುರುತು ಹಿಡಿದು, "ಅಣ್ಣಾ, ನಿನ್ನ ಬಟ್ಟಲಾ ಮಾರಿ ಕಳ್ಳಿ ಅನ್ನಿಸ್ಕೊಂಡ್ನಿ ನೋಡು" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಣ ಉಳಿಸಿದವನು ವ್ಯಾಪಾರಿ. ಹಣ ಕಳೆದುಕೊಂಡವನು ನಾನು. ಮಾನ ಕಳೆದುಕೊಂಡವಳು ಆಕೆ. 'ಅಗ್ಗ' ಅನ್ನುವುದರ ಲೆಕ್ಕ ಹೀಗಿರುತ್ತದೆ.

ಅದಕ್ಕೇ ಕಸುಬಿನ ಹುಡುಗರಿಗೆ ಹೇಳುತ್ತೇನೆ: ದರದ ಚೀಟಿಯಲ್ಲಿ ಹೊದಿಕೆಗೆ ಬೇರೆಯೇ ಒಂದು ಸಾಲು ಬರೆಯಿರಿ. ತಿರುಗಿಸಿದ್ದಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು, ಹೊದಿಕೆಗೆ ಇಷ್ಟು, ಒಣಗಲು ಇಷ್ಟು ದಿನ. ಬೇಡ ಅನ್ನುವ ವ್ಯಾಪಾರಿ ಆ ಸಾಲನ್ನು ತನ್ನ ಕೈಯಾರೆ ಹೊಡೆದು ಸಹಿ ಮಾಡಲಿ. ಆಮೇಲೆ ವಾಪಸು ತಂದರೆ ಚೀಟಿ ತೋರಿಸಿರಿ. ಸಹಿ ಮಾಡು ಅಂದ ಕೂಡಲೇ ಎಷ್ಟೋ ಜನ ಹೊದಿಕೆಗೆ ಒಪ್ಪುತ್ತಾರೆ, ನಾನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಕೆಲವರು ಬೇರೆ ಶೆಡ್ಡಿಗೆ ಹೋಗುತ್ತಾರೆ, ಅದೂ ಇದೆ. ಎಲ್ಲ ಶೆಡ್ಡಿನವರೂ ಹೀಗೇ ಬರೆದರೆ ಅವರು ಎಲ್ಲಿಗೆ ಹೋದಾರು?

ಕೊಳ್ಳುವವರಿಗೂ ಒಂದು ಮಾತು. ಹೊದಿಕೆ ಎಷ್ಟೇ ಚೆನ್ನಾಗಿರಲಿ, ಲೋಹದ ಬಣ್ಣದ ಬಟ್ಟಲಿನಲ್ಲಿ ಊಟದ ಪದಾರ್ಥ ಇಡಬೇಡಿರಿ. ಅರಗು ತಾನೇ ವಿಷವಲ್ಲ, ಮಾತ್ರೆಗಳ ಮೇಲೂ ಅದರ ಲೇಪ ಇರುತ್ತದೆ. ಆದರೆ ಚಮಚ ಒಂದು ಗೀರು ಎಳೆದರೆ ಕೆಳಗಿರುವುದು ಹಿತ್ತಾಳೆ, ಮೇಲೆ ಬಿದ್ದದ್ದು ಉಪ್ಪಿನಕಾಯಿ. ಕಲಾಯಿ ಹೋದ ಪಾತ್ರೆಯ ಕಥೆಯೇ ಮತ್ತೆ. ಜೊತೆಗೆ ಬಣ್ಣದಲ್ಲಿ ಸೀಸ ಇರುವ ಭಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅಂತ 2016ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿ 2017ರ ನವೆಂಬರ್‌ನಿಂದ ಜಾರಿಗೆ ತಂದಿದೆ. ಆದರೆ ಶೆಡ್ಡಿನಲ್ಲಿ ಹೆಸರಿಲ್ಲದ ಡಬ್ಬಿಯಿಂದ ಸುರಿಯುವ ಬಣ್ಣ ಯಾವ ಕೆಲಸಕ್ಕೆಂದು ತಯಾರಾದದ್ದು ಅಂತ ಕೊಳ್ಳುವವರಿಗೆ ಹೇಗೆ ತಿಳಿಯಬೇಕು? ಬಟ್ಟಲಿನ ಅಡಿಯಲ್ಲಿ 'ಊಟಕ್ಕಲ್ಲ' ಅಂತ ನಾಲ್ಕು ಅಕ್ಷರ ಬರೆಯಲು ಯಾರ ಗಂಟೂ ಹೋಗುವುದಿಲ್ಲ. ನಾನು ಬರೆಯುತ್ತಿದ್ದೇನೆ. ಮಾರಾಟ ಕಡಿಮೆಯಾಗಿಲ್ಲ.

ಶಾಲೆಯ ಗುರುಗಳಲ್ಲಿ ಒಂದು ವಿನಂತಿ. ಲೋಹಗಳ ಪಾಠ ಬಂದಾಗ ಹಲಗೆಯ ಮೇಲೆ ಬರೆದು ಬಿಡಬೇಡಿರಿ. ಒಂದು ಮರದ ಪಟ್ಟಿಗೆ ಬಂಗಾರದ ಬಣ್ಣ ಬಳಿಯಿರಿ. ಒಣಗಿದ ಮೇಲೆ ಅರ್ಧಕ್ಕೆ ಚಪಡಾ ಹಚ್ಚಿ ಅರ್ಧ ಹಾಗೇ ಬಿಡಿರಿ. ಎರಡರ ಮೇಲೂ ಲಿಂಬೆರಸ ಒಂದು ಹನಿ, ಉಪ್ಪುನೀರು ಒಂದು ಹನಿ ಹಾಕಿ ಕಿಟಕಿಯಲ್ಲಿಡಿರಿ. ಮಕ್ಕಳು ದಿನವೂ ನೋಡಿ ಬರೆಯಲಿ. ಪಟ್ಟಿ ಮುಟ್ಟಿದ ಮೇಲೆ ಕೈ ತೊಳೆಯಲಿ. ನಾಳೆ ಅವರಲ್ಲಿ ಯಾರೋ ಗೋವಾದ ಬಸ್ಸು ಹತ್ತುತ್ತಾರೆ, ಯಾರೋ ಅಂಗಡಿ ಇಡುತ್ತಾರೆ, ಎಲ್ಲರೂ ಏನಾದರೂ ಕೊಳ್ಳುತ್ತಾರೆ. ಹೊಳೆಯುವುದನ್ನು ಕಂಡಾಗ 'ಇದಕ್ಕೆ ಕಲಾಯಿ ಆಗಿದೆಯೇ?' ಅಂತ ಕೇಳುವ ಬುದ್ಧಿ ಬಂದರೆ ಸಾಕು.

ವಾಚನಾಲಯದ ಆ ಬಟ್ಟಲನ್ನು ತೆಗೆದುಕೊಂಡು ಹೋಗಿ ಸರಿ ಮಾಡಿ ತರಲೇ ಅಂತ ಕೇಳಿದ್ದೆ. ಆಮೇಲೆ ಬೇಡ ಅನ್ನಿಸಿತು. ಈ ಜಾತ್ರೆಗೆ ಇನ್ನೊಂದು ತಂದಿದ್ದೇನೆ. ಅಡಿಗೂ ಚಪಡಾ ಹಚ್ಚಿದ್ದು, ಅಡಿಯಲ್ಲಿ ಅಕ್ಷರ ಬರೆದದ್ದು. ಎರಡನ್ನೂ ಪಕ್ಕಪಕ್ಕ ಇಡಿರಿ. ನಾಲ್ಕು ವರ್ಷ ಕಳೆಯಲಿ. ಆವಾಗ ನನ್ನ ಮಾತು ಸುಳ್ಳಾದರೆ ಇದೇ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಹಾಗಂತ ಬರೆಯಿರಿ.